ನೀರಿನ ಮೇಲೆ ಒಂದು ಎಲೆ

ಪುಲಿಕೇಶಿನಗರ
12 ಸೆಪ್ಟೆಂಬರ್ 2024

ಅಪ್ಪನಿಗೆ ನಮಸ್ಕಾರಗಳು.

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಒಂದೇ ಊರಿನಲ್ಲಿದ್ದುಕೊಂಡು ಯಾರಾದರೂ ಕಾಗದ ಬರೆಯುತ್ತಾರಾ ಎಂದು ನಿಮಗೆ ಅನ್ನಿಸಬಹುದು. ಪೋಸ್ಟ್ ಆಫೀಸಿನಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದಾಗ ಕೌಂಟರಿನವರೂ ನಕ್ಕರು. "ರಾಮಮೂರ್ತಿ ನಗರಕ್ಕಾ? ಬಸ್ ಹತ್ತಿದ್ರೆ ನೀನೇ ಮೊದ್ಲು ಹೋಗಿರ್ತೀಯ ಕಣಮ್ಮಾ" ಅಂದರು. ನಾನು ಚಿಲ್ಲರೆ ಎಣಿಸಿ ಕೊಟ್ಟು ತೆಗೆದುಕೊಂಡು ಬಂದೆ.

ಹೋದ ವಾರ ಫೋನ್ ಮಾಡಿದಾಗ ನೀವು ಒಂದೇ ಸಮನೆ "ಹಾಂ, ಹಾಂ, ಊಟ ಆತಾ?" ಎಂದಿರಿ. ನಾನು ಏನು ಹೇಳಿದರೂ ಅದೇ. ಮೊದಲು ಕೆಲಸದಲ್ಲಿ ನೀವು ಹಿಡಿಯುತ್ತಿದ್ದ ಕಾಂಕ್ರೀಟ್ ಒಡೆಯುವ ಮಷೀನ್ ನಿಮ್ಮ ಕಿವಿಯನ್ನು ತಿಂದುಹಾಕಿದ್ದು ನನಗೆ ಗೊತ್ತು. ನನಗೆ ಗೊತ್ತು ಎನ್ನುವುದು ನಿಮಗೂ ಗೊತ್ತು. ಆದರೂ ಇಬ್ಬರೂ ಫೋನ್ ಹಿಡಿದುಕೊಂಡು ಹಾಂ ಹಾಂ ಎನ್ನುತ್ತೇವೆ. ಜೋರಾಗಿ ಕೂಗಿದರೆ ಪಿ.ಜಿ.ಯವರೆಲ್ಲ ಬಾಗಿಲು ತೆಗೆದು ನೋಡುತ್ತಾರೆ. ಅದಕ್ಕೇ ಈ ಕಾಗದ. ನೀವು ಎಮ್ಮೆ ಹಾಲು ಕೊಡುವ ಬೂತಿನ ವಿಳಾಸಕ್ಕೆ ಹಾಕುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಅಂದರೆ, ಊಟ ತಿಂಡಿ ಎಲ್ಲ ಇದೆ. ನನ್ನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕಾಲೇಜಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನನಗೂ ಬರುತ್ತದೆ ಅಪ್ಪಾ, ಬರುವುದಿಲ್ಲ ಅಂತಲ್ಲ, ಅರ್ಧ ವಾಕ್ಯಕ್ಕೆ ನಿಂತುಬಿಡುತ್ತದೆ. ಉಳಿದದ್ದನ್ನು ಕನ್ನಡದಲ್ಲಿ ಮುಗಿಸಿದರೆ ಹಿಂದಿನ ಬೆಂಚಿನವರು ಕೆಮ್ಮುತ್ತಾರೆ. ಅಟೆಂಡೆನ್ಸ್ ಕರೆಯುವಾಗಲೂ ನನ್ನ ಹೆಸರು ಬರುವ ಮೊದಲೇ ಮನಸ್ಸಿನಲ್ಲಿ ಒಂದು ಸಲ ಹೇಳಿ ನೋಡಿಕೊಳ್ಳುತ್ತೇನೆ. 'ಪ್ರೆಸೆಂಟ್' ಅನ್ನುವುದಕ್ಕೆ ಯಾರಿಗಾದರೂ ಭಯ ಆಗುತ್ತದಾ?

ವಿಷಯ ಇಷ್ಟೇ. ನಮಗೆ ಬಾಟನಿ ಹೇಳಿಕೊಡುವ ಜಹನಾರಾ ಮೇಡಂ, ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಗಿಡವನ್ನು ಇಡೀ ಸೆಮಿಸ್ಟರ್ ಗಮನಿಸಬೇಕು ಎಂದಿದ್ದಾರೆ. ಒಬ್ಬೊಬ್ಬರೂ ಆರ್ಕಿಡ್, ಬೋನ್ಸಾಯ್ ಅಂದರು. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು "ಎಮ್ಮೆ ಮೇವಿನ ಹುಲ್ಲು". ಇಡೀ ಕ್ಲಾಸು ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. "ಕೆರೆ ಅಂಚಿನದಾ? ನೀರಲ್ಲಿ ನಿಂತಿರುತ್ತಾ? ತಗೊಂಡು ಬಾ" ಅಂದರು. ನಿಮಗೆ ತೊಂದರೆ ಆಗದಿದ್ದರೆ ಬೇರು ಸಮೇತ ಸ್ವಲ್ಪ ಹುಲ್ಲು ಬೇಕಿತ್ತು.

ಇಂತಿ ನಿಮ್ಮ ಮಗಳು
ಉಮಾಶ್ರೀ

ರಾಮಮೂರ್ತಿ ನಗರ
21 ಸೆಪ್ಟೆಂಬರ್ 2024

ಮಗಳು ಉಮಾಗ ಅಪ್ಪ ಅಂಬಣ್ಣ ಮಾಡುವ ಆಶೀರ್ವಾದ.

ನಾನು ಆರಾಮ ಅದೀನಿ. ಎಮ್ಮಿ ಎರಡೂ ಆರಾಮ ಅವ. ನಿನ್ನ ಕಾಗದ ಬೂತಿನಾಗ ಸಿಕ್ತು. ಬೂತಿನವ "ಏನ್ರೀ ಅಂಬಣ್ಣೋರೆ, ಕೋರ್ಟ್ ನೋಟೀಸಾ?" ಅಂದ. ನನ್ನ ಮಗಳದ್ದು ಅಂದೆ. ಎಲ್ಲರಿಗೂ ತೋರಿಸಿದೆ, ಓದಾಕ ಕೊಡಲಿಲ್ಲ.

ಒಂದು ಮಾತು. ನನಗ 'ನೀವು' ಅಂತ ಬರದಿ. ತಹಶೀಲ್ದಾರರಿಗೆ ಅರ್ಜಿ ಬರದಂಗ ಆತು. ನಿಮ್ಮವ್ವ ಇದ್ದಾಗ 'ನೀ' ಅಂತಿದ್ದಿ. ಹಾಸ್ಟೆಲಿನವರು ಕಲಿಸ್ಯಾರ ಅಂತ ಗೊತ್ತದ. ಆದ್ರೂ ಹೇಳಿದೆ.

ಹುಲ್ಲಿನ ವಿಷಯ ಕೇಳಿದಿ. ಕೆರಿ ಕಡಿ ತಗ್ಗಿನಾಗ ನೀರುಹುಲ್ಲು ಅದ, ದಿಬ್ಬದ ಕಡಿ ನೇಪಿಯರ್. ನಾನು ದಿನಕ್ಕ ಒಂದು ಪಟ್ಟಿ ಅಷ್ಟ ಕೊಯ್ಯತೀನಿ. ಕಡೀ ಪಟ್ಟಿಗೆ ಬರೂದ್ರಾಗ ಮೊದಲಿನ ಪಟ್ಟಿ ಮತ್ತ ಮೊಳಕಾಲಿಗೆ ಬಂದಿರ್ತದ. ಯಾವಾಗ ನೋಡಿದ್ರೂ ಹೊಲ ಹಸರ. ಮಳಿ ಬಂದು ಕೆರಿ ನೀರು ಏರಿದ್ರೂ ನೀರುಹುಲ್ಲಿಗೆ ಹೋದ ವರ್ಷ ಏನೂ ಆಗಿಲ್ಲ. ನಾನು ಮಾರೋ ಮೇವು ಹಲಸೂರಿಗೆ ಒಯ್ಯೋ ಲಗೇಜ್ ಆಟೋದಾಗ ಒಂದು ಹೊರಿ ಕಳಸತೀನಿ. ಸಾಲದಿದ್ರ ಬರಿ, ಇನ್ನೊಂದು ಕಳಸತೀನಿ.

ಆಯುಧ ಪೂಜಾಕ್ಕ ಬಾ. ಸೂಟಿ ಇರತದಲ್ಲ. ರಾತ್ರಿ ಇಲ್ಲೇ ಇರು. ಪಕ್ಕದ ಖೋಲಿ ಬೈರಮ್ಮನ ಕಡಿಂದ ಹೊಸ ಚಾಪಿ ತಗೊಂಡೀನಿ.

ನಿನ್ನ ಅಪ್ಪ
ಅಂಬಣ್ಣ

ಪುಲಿಕೇಶಿನಗರ
3 ಅಕ್ಟೋಬರ್ 2024

ಅಪ್ಪಾ,

ಒಂದು ಹಿಡಿ ಹುಲ್ಲು ಕೇಳಿದರೆ ನೀನು ಒಂದು ಎಮ್ಮೆಯ ದಿನದ ಮೇವನ್ನೇ ಕಳಿಸಿದ್ದೀಯ! ಲಗೇಜ್ ಆಟೋದವರು ಅದನ್ನು ಪಿ.ಜಿ. ಗೇಟಿನ ಮುಂದೆ ಇಳಿಸಿ ಹಾರ್ನ್ ಹೊಡೆದರು. ಕಾಲೇಜಿಗೆ ಹೊರಟಿದ್ದವರೆಲ್ಲ ನಿಂತು ನೋಡಿದರು. ನನ್ನ ಕ್ಲಾಸಿನ ಅಂಬ್ರೀನ್, ಶಿವಾಜಿನಗರದವಳು, ನನ್ನನ್ನು ಕರೆಯಲು ಬಂದಿದ್ದಳು. "ಅರೇ ಉಮಾ, ಕ್ಯಾ ರೇ ಯೇ? ನಮ್ಮ ಬೀದಿ ಕುರಿಗಳಿಗೆಲ್ಲ ದಾವತ್ತಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಒಂದು ಕಡೆ ಅವಳೇ ಹಿಡಿದುಕೊಂಡು ಟೆರೇಸಿಗೆ ಹತ್ತಿಸಿದಳು.

ಪಿ.ಜಿ. ಓನರ್ ನಾಗರತ್ನಾ ಆಂಟಿಗೆ ಗೊತ್ತಾಗಿ ಮೇಲೆ ಬಂದರು. "ನೋಡಮ್ಮಾ, ಇದು ಪಿ.ಜಿ., ಗೋಶಾಲೆ ಅಲ್ಲ. ನಾಳೆ ಹಿಂದೇನೇ ಎಮ್ಮೇನೂ ಬರುತ್ತಾ ಹೇಗೆ?" ಅಂದರು. ಸಬ್ಜೆಕ್ಟ್ ವರ್ಕ್ ಆಂಟಿ ಅಂದೆ. ಇಂಗ್ಲಿಷ್ ಪದ ಕೇಳಿ ಕೆಳಗಿಳಿದು ಹೋದರು.

ಇನ್ನು ಮುಖ್ಯ ವಿಷಯ. ಲ್ಯಾಬಿನಲ್ಲಿ ಬ್ಲೇಡಿನಿಂದ ಬೇರನ್ನು ಅಡ್ಡಕ್ಕೆ ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆವು. ಮೊದಲು ನನ್ನವೆಲ್ಲ ದಪ್ಪವಾಗಿ, ಸರಿಯಾಗಿ ಬರಲೇ ಇಲ್ಲ. ಕೊನೆಗೂ ಒಂದು ಬಂತು. ಅಪ್ಪಾ, ನೀರುಹುಲ್ಲಿನ ಬೇರು ಒಳಗೆ ಖಾಲಿ! ನಡುವೆ ಒಂದು ಗಟ್ಟಿ ಗುಂಡು, ಅದರಿಂದ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಹೊರಗೆ ಹೋಗುವ ತೆಳು ಗೋಡೆಗಳು, ಮಿಕ್ಕಿದ್ದೆಲ್ಲ ಬರೀ ಗಾಳಿ. ಮೇಡಂ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಇದಕ್ಕೇ ಅದು ಕೆರೇಲಿ ಬದುಕೋದು. ಮಣ್ಣು ನೆನೆದು ಮುಳುಗಿದ್ರೆ ಮಣ್ಣೊಳಗಿನ ಗಾಳಿ ಎಲ್ಲ ಹೋಗಿಬಿಡುತ್ತೆ. ಬೇರಿಗೆ ಉಸಿರು ಕಟ್ಟುತ್ತೆ. ಗಿಡ ನೀರು ಜಾಸ್ತಿಯಾಗಿ ಸಾಯೋದಲ್ಲಮ್ಮಾ, ಉಸಿರಿಲ್ಲದೆ ಸಾಯೋದು. ಈ ಹುಲ್ಲು ಮೇಲಿಂದ ಕೆಳಕ್ಕೆ ಗಾಳಿ ಇಳಿಸೋಕೆ ದಾರಿ ಮಾಡ್ಕೊಂಡಿದೆ" ಅಂದರು. ಅದಕ್ಕೆ ಪುಸ್ತಕದಲ್ಲಿ ಏರೆಂಕೈಮಾ ಎಂದು ಹೆಸರು. ಆ ದಿನ ಹಿಂದಿನ ಬೆಂಚಿನವರೂ ಸಾಲಾಗಿ ಬಂದು ನನ್ನ ಸ್ಲೈಡನ್ನು ನೋಡಿದರು. ಯಾರೂ ಕೆಮ್ಮಲಿಲ್ಲ.

ಹಬ್ಬಕ್ಕೆ ಬರುತ್ತೇನೆ. ಖಂಡಿತ ಬರುತ್ತೇನೆ. ಆಯುಧ ಪೂಜೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಲ್ಲಿರುತ್ತೇನೆ.

ನಿನ್ನ
ಉಮಾ

ರಾಮಮೂರ್ತಿ ನಗರ
16 ಅಕ್ಟೋಬರ್ 2024

ಉಮಾಗ ಆಶೀರ್ವಾದ.

ಹಬ್ಬದ ದಿನ ದಾರಿ ನೋಡಿದೆ. ಬಸ್ ಸ್ಟಾಪಿನ ತನಕ ಬಂದು ಬಂದು ನೋಡಿದೆ. ಮೈಯಾಗ ಹುಷಾರಿಲ್ಲೇನು? ಓದೂದು ಭಾಳ ಇತ್ತೇನು? ಬೈಯಾಕ ಬರದಿಲ್ಲ, ಗೊತ್ತಾಗಬೇಕಂತ ಕೇಳಿದೆ.

ಕುಡಗೋಲು ಪೂಜಾಕ್ಕ ಇಟ್ಟ ಮ್ಯಾಲ ಹಬ್ಬ ಮುಗಿಯೂ ತನಕ ಅದನ್ನ ಎತ್ತೂಹಂಗಿಲ್ಲ. ಅದಕ್ಕ ಪ್ರತಿ ವರ್ಷ ಹಿಂದಿನ ದಿನ ಎರಡು ಪಟ್ಟಿ ಹೆಚ್ಚಿಗಿ ಕೊಯ್ಯತೀನಿ. ಈ ಸಲ ನೀ ಬರತಿ ಅಂತ ಇಡೀ ಹೊಲಾನ ಕೊಯ್ದುಬಿಟ್ಟೆ, ತಗ್ಗಿನದೂ ದಿಬ್ಬದ್ದೂ, ಬುಡದ ತನಕ. ಎಮ್ಮಿಗೆ ಸಾಕಾಗಿ ಉಳದದ್ದು ಹಲಸೂರಿಗೆ ಹೋಗತದ, ನಾನು ಹೊಲದ ಕಡಿ ತಿರುಗಿ ನೋಡದಂಗ ನಿನ್ನ ಕೂಡ ಕೂಡಬಹುದು ಅಂತ ಹಂಗ ಮಾಡಿದೆ. ನೀ ಮಾತಾಡಿದ್ದು ನನಗ ಕೇಳಸದಿಲ್ಲ ಖರೆ. ಸುಮ್ನ ಕೂಡೂದಕ್ಕ ಕಿವಿ ಬೇಕಾಗಿಲ್ಲ.

ಈಗ ಮಳಿ ಹಿಡದದ. ಬಿಡವಲ್ದು. ಕೆರಿ ನೀರು ನಿನ್ನಿ ತಗ್ಗಿನ ಹೊಲಕ್ಕ ಬಂದದ, ಕೊಯ್ದ ಕೂಳಿ ಕಾಣಸವಲ್ದು. ದಿಬ್ಬದ ಮ್ಯಾಲೂ ಕಾಲಡಿ ನೀರು ನಿಂತದ. ಎಮ್ಮಿನ ಮುನಿಆಂಜನಪ್ಪನ ಶೆಡ್ಡಿನಾಗ ಕಟ್ಟೀನಿ. ಹೊಲದ ಮಾಲಕ ಅವನ, ನಿನಗ ಗೊತ್ತಲ್ಲ. ನೀ ನೀರಾಗ ಅಡ್ಡಾಡಬ್ಯಾಡ.

ಅಪ್ಪ

ಪುಲಿಕೇಶಿನಗರ
25 ಅಕ್ಟೋಬರ್ 2024

ಅಪ್ಪಾ,

ನಾನು ಹುಷಾರಾಗಿದ್ದೇನೆ. ಆ ದಿನ ಹೊರಟಿದ್ದೆ. ಟಿನ್ ಫ್ಯಾಕ್ಟರಿವರೆಗೂ ಬಂದೆ. ಅಲ್ಲಿ ಬಸ್ ಬದಲಾಯಿಸಬೇಕಿತ್ತು. ನಿನ್ನ ಕಡೆಗೆ ಬರುವ ಬಸ್ಸುಗಳು ಬಂದವು, ಹೋದವು. ನಾನು ಹತ್ತಲಿಲ್ಲ. ಯಾಕೆಂದು ಬರೆಯಲು ಹೋದರೆ ಪೆನ್ನು ನಿಂತುಬಿಡುತ್ತದೆ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿದ್ದವಳು ನಾನು. ರಜೆಗೆ ನಿನ್ನ ಹತ್ತಿರ ಬಂದರೂ ಬಟ್ಟೆಯನ್ನು ಬ್ಯಾಗಿನಿಂದ ತೆಗೆದು ಇಡುತ್ತಿರಲಿಲ್ಲ, ನಿನಗೆ ನೆನಪಿದೆಯೋ ಇಲ್ಲವೋ. ಒಂದು ಮನೆಯಲ್ಲಿ ಹೇಗೆ ಇರಬೇಕು, ಬೆಳಿಗ್ಗೆ ಎದ್ದು ಎಲ್ಲಿ ಕೂರಬೇಕು ಎಂದು ನನಗೆ ನಿಜವಾಗಿ ಗೊತ್ತಾಗುವುದಿಲ್ಲ. ಹೊಸ ಚಾಪೆಯ ವಿಷಯ ಓದಿದಾಗಿನಿಂದಲೇ ಭಯವಾಗಿತ್ತು. ಇಷ್ಟೇ ಬರೆಯಲು ಆಗುವುದು.

ಹುಲ್ಲಿನ ಬಗ್ಗೆ ಚಿಂತೆ ಮಾಡಬೇಡ. ನೇಪಿಯರ್ ಹೋಗಬಹುದು, ಅದಕ್ಕೆ ಕಾಲಡಿ ನೀರು ನಿಂತರೆ ಆಗುವುದಿಲ್ಲ. ನೀರುಹುಲ್ಲಿಗೆ ಏನೂ ಆಗಲ್ಲ. ನಾನೇ ಬೇರಿನ ಒಳಗೆ ನೋಡಿದ್ದೇನಲ್ಲ! ನೀರು ಇಳಿದ ಮೇಲೆ ಮತ್ತೆ ಚಿಗುರುತ್ತದೆ, ನೋಡುತ್ತಿರು.

ಮಳೆಗೆ ಇಲ್ಲಿ ರಸ್ತೆಯ ಮೇಲೆಲ್ಲ ನೀರು. ನೀನು ಊಟಕ್ಕೆ ಏನು ಮಾಡಿಕೊಳ್ಳುತ್ತಿದ್ದೀಯ?

ಉಮಾ

ಪುಲಿಕೇಶಿನಗರ
6 ನವೆಂಬರ್ 2024

ಅಪ್ಪಾ,

ನಿನ್ನಿಂದ ಕಾಗದ ಬಂದಿಲ್ಲ. ಬೂತಿನಲ್ಲಿ ನನ್ನದು ಸಿಕ್ಕಿತೋ ಇಲ್ಲವೋ ಎಂದು ಮತ್ತೆ ಬರೆಯುತ್ತಿದ್ದೇನೆ.

ದೀಪಾವಳಿಗೆ ಪಿ.ಜಿ. ಪೂರ್ತಿ ಖಾಲಿಯಾಯಿತು. ನಾಗರತ್ನಾ ಆಂಟಿ "ನೀನ್ಯಾಕಮ್ಮಾ ಹೋಗ್ಲಿಲ್ಲ? ಮನೆ ಇಲ್ವಾ?" ಎಂದು ಕೇಳಿದರು. ಇಲ್ಲೇ ಇದೆ ಆಂಟಿ, ಹತ್ತಿರದಲ್ಲೇ ಅಂದೆ. ಹತ್ತಿರದಲ್ಲೇ ಇದ್ದರೆ ಯಾಕೆ ಹೋಗಲಿಲ್ಲ ಎಂದು ಅವರು ಮುಂದೆ ಕೇಳಲಿಲ್ಲ, ಹೋಳಿಗೆ ಕೊಟ್ಟು ಹೋದರು. ನಾಲ್ಕು ಮಹಡಿಯ ಕಟ್ಟಡದಲ್ಲಿ ನಾನೊಬ್ಬಳೇ. ಬಚ್ಚಲಲ್ಲಿ ನಲ್ಲಿ ತಿರುಗಿಸಿದರೆ ಅದರ ಸದ್ದು ಎಲ್ಲ ಕೋಣೆಗಳಿಗೂ ಹೋಗಿ ವಾಪಸ್ ಬರುತ್ತಿತ್ತು. ಹಬ್ಬದ ದಿನ ನಿನಗೆ ಫೋನ್ ಮಾಡಿದೆ. ನೀನು "ಹಾಂ, ಊಟ ಆತಾ?" ಎಂದೆ. ಆತು ಅಂದೆ.

ಟೆರೇಸಿನಲ್ಲಿ ಪೇಂಟ್ ಬಕೆಟ್ಟುಗಳಲ್ಲಿ ನಿನ್ನ ನೀರುಹುಲ್ಲನ್ನು ನೆಟ್ಟಿದ್ದೇನೆ, ಚೆನ್ನಾಗಿ ಬೇರು ಬಿಟ್ಟಿದೆ. ನಮ್ಮ ಹೊಲಕ್ಕೆ ಆದ ಹಾಗೆ ಇವಕ್ಕೂ ಮಾಡಿ ನೋಡೋಣ ಎಂದು ಬಕೆಟ್ಟಿನ ತುಂಬ ನೀರು ನಿಲ್ಲಿಸಿದ್ದೇನೆ. ಒಂದು ಬಕೆಟ್ಟಿನದನ್ನು ಹಾಗೇ ಎತ್ತರಕ್ಕೆ ಬಿಟ್ಟೆ. ಇನ್ನೊಂದನ್ನು ನೀನು ಕೊಯ್ದ ಹಾಗೆ ಬುಡಕ್ಕೆ ಕತ್ತರಿಸಿದೆ, ನೀರು ಕೂಳೆಯ ಮೇಲೆ ಬಂದಿದೆ. ಮೂರನೆಯದರಲ್ಲಿ ಕುದುರೆ ಮೆಂತ್ಯ, ಕುರಿಗೆ ಹಾಕುವ ಸೊಪ್ಪಿನ ಮೇವು. ಅದನ್ನು ಅಂಬ್ರೀನ್‌ಳ ಅಬ್ಬಾ ಬಷೀರ್ ಅವರು ಶಿವಾಜಿನಗರದಿಂದ ತಂದುಕೊಟ್ಟರು. ಅದು ಆಗಲೇ ಹಳದಿಯಾಗಿ ತಲೆ ಬಾಗಿಸಿದೆ, ಪಾಪ.

ಆಂಟಿ ದಿನಾ ಬೆಳಿಗ್ಗೆ ಬಂದು "ಡೆಂಗ್ಯೂ ಬಂದ್ರೆ ನಿನ್ನ ಮೇಡಂ ಬರ್ತಾರಾ ನೋಡ್ಕೊಳ್ಳೋಕೆ?" ಎಂದು ಬೈಯುತ್ತಾರೆ. ಬಕೆಟ್ಟುಗಳ ಬಾಯಿಗೆ ಹಳೆಯ ಸೊಳ್ಳೆಪರದೆ ಕಟ್ಟಿದ್ದೇನೆ. ಎತ್ತರದ ಹುಲ್ಲು ಪರದೆಯನ್ನು ತೂತು ಮಾಡಿಕೊಂಡು ಮೇಲೆ ಬಂದಿದೆ.

ಬರಿ ಅಪ್ಪಾ.

ಉಮಾ

ರಾಮಮೂರ್ತಿ ನಗರ
23 ನವೆಂಬರ್ 2024

ಉಮಾಗ ಆಶೀರ್ವಾದ.

ನಿನ್ನ ಎರಡೂ ಕಾಗದ ಬಂದಾವ. ಬರೀಲಿಕ್ಕೆ ಮನಸ್ಸು ಆಗಲಿಲ್ಲ.

ನೀರು ಇಳದದ. ಹುಲ್ಲು ಹೋತು. ನೇಪಿಯರ್ ಹೋಗಿದ್ದು ಇರಲಿ, ನೀರುಹುಲ್ಲೂ ಹೋತು. ಬುಡ ಹಿಡದು ಎಳದ್ರ ಕೈಗೇ ಬರತದ, ಕರೀ ಲೋಳಿ, ಕೊಳತ ತತ್ತಿ ವಾಸನಿ. ಹೋದ ವರ್ಷ ಇದ ನೀರು ಬಂದಿತ್ತು, ಏನೂ ಆಗಿದ್ದಿಲ್ಲ. ಈ ಸಲ ಕೆರಿ ಕೆಟ್ಟದ ಅಂತಾರ ಎಲ್ಲರೂ. ಮುನಿಆಂಜನಪ್ಪ "ಅಂಬಣ್ಣಾ, ಈ ಮಣ್ಣಲ್ಲಿ ಇನ್ನು ಹುಲ್ಲು ಬರಲ್ಲ ಕಣಯ್ಯಾ, ಮಣ್ಣು ಹೊಡಿಸಿ ಗಾಡಿ ನಿಲ್ಸೋ ಜಾಗ ಮಾಡ್ತೀನಿ, ಬೆಳೆಯೋದಿದ್ರೆ ನೀನೇ ಇಟ್ಕೊ, ನಂಗೇನೂ ಇಲ್ಲ" ಅಂದ. ಅವನ ಮಾತು ತಪ್ಪಿಲ್ಲ. ಸತ್ತ ಮಣ್ಣಿನಾಗ ನಾ ಏನ್ ಬೆಳೀಲಿ?

ಮೇವು ಇಲ್ಲದ ಎಮ್ಮಿ ಇಟ್ಟುಕೊಂಡು ಏನ್ ಮಾಡೂದು. ಸಂಕ್ರಾಂತಿ ಆದ ಮ್ಯಾಲ ಕೊಟ್ಟು ಊರಿಗೆ ಹೋಗತೀನಿ. ಯಾದಗಿರಿ ಕಡಿ ನಮ್ಮಣ್ಣನ ಹೊಲ ಅದ, ಒಂದು ಕೂಲಿ ಆದ್ರೂ ಸಿಗತದ. ನೀ ಹೆಂಗೂ ಹಾಸ್ಟೆಲಿನಾಗ ಇರಾಕಿ. ನಾ ಇಲ್ಲಿದ್ರೇನು ಅಲ್ಲಿದ್ರೇನು.

ಅಪ್ಪ

ಪುಲಿಕೇಶಿನಗರ
30 ನವೆಂಬರ್ 2024

ಅಪ್ಪಾ,

ನಿನ್ನ ಕಾಗದ ಸಿಕ್ಕಿತು. ನಿನಗೆ ಅಲ್ಲಿ ಅನುಕೂಲ ಅನ್ನಿಸಿದರೆ ಹೋಗು. ದೊಡ್ಡಪ್ಪ ಇದ್ದಾರೆ, ನಿನ್ನನ್ನು ನೋಡಿಕೊಳ್ಳುವವರಿದ್ದಾರೆ. ನನ್ನ ಬಗ್ಗೆ ಯೋಚನೆ ಮಾಡಬೇಡ. ನನಗೆ ಹಾಸ್ಟೆಲ್ ಅಭ್ಯಾಸ ಇದೆ.

ಇಂಟರ್ನಲ್ಸ್‌ನಲ್ಲಿ ಬಾಟನಿಯಲ್ಲಿ ಮಾತ್ರ ಒಳ್ಳೆಯ ಮಾರ್ಕ್ಸ್ ಬಂದಿದೆ.

ಉಮಾಶ್ರೀ

ರಾಮಮೂರ್ತಿ ನಗರ
27 ಡಿಸೆಂಬರ್ 2024

ಉಮಾಗ ಆಶೀರ್ವಾದ.

ಮಾರ್ಕ್ಸ್ ಬಂದದ್ದು ಕೇಳಿ ಸಂತೋಷ ಆತು. ಬೂತಿನವನಿಗೂ ಹೇಳಿದೆ.

ಸಂಕ್ರಾಂತಿ ಮರುದಿನ ಹೊಸಕೋಟಿ ಕಡಿಂದ ಎಮ್ಮಿ ವ್ಯಾಪಾರದವ ಬರತಾನ. ಖೋಲಿ ಖಾಲಿ ಮಾಡತೀನಿ ಅಂತ ಹೇಳೀನಿ. ನಿಮ್ಮವ್ವನ ಸ್ಟೀಲಿನ ತಾಟು ಎರಡು ಅವ, ಒಂದು ಕೊಡ ಅದ. ನಿನಗ ಬೇಕಾಗಿದ್ರ ಬರಿ. ಅಷ್ಟು ಇಡಾಕ ನಿನ್ನ ಹಾಸ್ಟೆಲಿನಾಗ ಜಾಗ ಅದ ಏನು?

ಅಪ್ಪ

ಪುಲಿಕೇಶಿನಗರ
6 ಜನವರಿ 2025

ಅಪ್ಪಾ,

ಈ ಕಾಗದವನ್ನು ಕೂತುಕೊಂಡು ಓದು. ಬೂತಿನಲ್ಲಿ ನಿಂತುಕೊಂಡು ಓದಬೇಡ. ಒಂದು ತಿಂಗಳಿನಿಂದ ನನಗೆ ಒಂದು ವಿಷಯ ಗೊತ್ತಿದೆ, ಹೇಳಿದರೆ ನಿನಗೆ ನೋವಾಗುತ್ತದೆ ಎಂದು ಸುಮ್ಮನಿದ್ದೆ. ಈಗ ನೀನು ತಾಟು, ಕೊಡ ಎಂದು ಬರೆದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಕೆರೆ ಕೆಟ್ಟಿಲ್ಲ. ಅಥವಾ ಕೆಟ್ಟಿದ್ದರೂ ನಿನ್ನ ಹುಲ್ಲು ಸತ್ತದ್ದು ಅದರಿಂದಲ್ಲ.

ಟೆರೇಸಿನ ಬಕೆಟ್ಟುಗಳ ಬಗ್ಗೆ ಬರೆದಿದ್ದೆನಲ್ಲ. ನೀರುಹುಲ್ಲಿನ ಎರಡು ಬಕೆಟ್ಟಿಗೂ ಒಂದೇ ಮಣ್ಣು, ಒಂದೇ ನಲ್ಲಿಯ ನೀರು, ಚರಂಡಿಯ ಒಂದು ಹನಿಯೂ ಇಲ್ಲ. ಎತ್ತರಕ್ಕೆ ಬಿಟ್ಟದ್ದು ಇವತ್ತಿಗೂ ಹಸಿರಾಗಿದೆ. ನೀರಿನ ಮಟ್ಟಕ್ಕೆ ಗೆಣ್ಣುಗಳಲ್ಲಿ ಹೊಸದಾಗಿ ಬಿಳೀ ಬೇರು ಕೂಡ ಬಿಟ್ಟಿದೆ. ಬುಡಕ್ಕೆ ಕತ್ತರಿಸಿ ಮುಳುಗಿಸಿದ್ದು ಕೊಳೆತುಹೋಯಿತು. ನೀನು ಬರೆದ ಹಾಗೇ, ಕರೀ ಲೋಳೆ, ಅದೇ ವಾಸನೆ. ಆಂಟಿ ಮೂಗು ಮುಚ್ಚಿಕೊಂಡು ಕೆಳಗಿಳಿದು ಓಡಿದರು. ನಾನು ಮಾತ್ರ ಅಲ್ಲೇ ಕೂತುಬಿಟ್ಟೆ. ನಿನ್ನ ಹೊಲ ನನ್ನ ಮುಂದೆ ಬಕೆಟ್ಟಿನಲ್ಲಿತ್ತು.

ಮೇಡಂ ಹತ್ತಿರ ತೆಗೆದುಕೊಂಡು ಹೋದೆ. ಅವರು ಎರಡನ್ನೂ ಬೆಂಚಿನ ಮೇಲೆ ಇಟ್ಟು ಬೇರು ಬಿಡಿಸಿ ನೋಡಿದರು. "ಬೇರಲ್ಲಿ ಗಾಳಿ ದಾರಿ ಇದೆ ಸರಿ. ಆ ದಾರಿಗೆ ಗಾಳಿ ಬರೋದೆಲ್ಲಿಂದ? ನೀರಿನ ಮೇಲೆ ನಿಂತಿರೋ ಎಲೆಯಿಂದ. ಕಬ್ಬಿನ ಹಾಲು ಕುಡಿಯೋ ಸ್ಟ್ರಾ ಇದ್ದ ಹಾಗೆ. ಅದರ ಬಾಯೇ ನೀರೊಳಗೆ ಹೋದ್ರೆ ಗಾಳಿ ಎಲ್ಲಿ ಬರುತ್ತೆ, ನೀರು ಬರುತ್ತೆ" ಅಂದರು. ಆಮೇಲೆ ಹೇಳಿದರು, ಗರಿಕೆಯಂಥ ಕೆಲವು ಹುಲ್ಲು ಪೂರ್ತಿ ಮುಳುಗಿದರೂ ಬೆಳೆಯುವುದನ್ನು ನಿಲ್ಲಿಸಿ, ಕೂಡಿಟ್ಟ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತಾ ಸುಮ್ಮನೆ ಕಾಯುತ್ತವಂತೆ. ನೀರುಹುಲ್ಲಿಗೆ ಹಾಗೆ ಕಾಯುವುದು ಬರುವುದಿಲ್ಲವಂತೆ. ಅದು ಎದ್ದು ನಿಂತು ಬದುಕುವ ಜಾತಿ. ಅದರಲ್ಲೂ ಆಗತಾನೇ ಕೊಯ್ದಿದ್ದರೆ ಅದರ ಹತ್ತಿರ ಎಲೆಯೂ ಇರುವುದಿಲ್ಲ, ಕೂಡಿಟ್ಟದ್ದೂ ಇರುವುದಿಲ್ಲ.

ಹೋದ ವರ್ಷ ನೀರು ಬಂದಾಗ ಒಂದೆರಡು ಪಟ್ಟಿ ಬಿಟ್ಟು ಹೊಲವೆಲ್ಲ ಎತ್ತರವಾಗಿತ್ತು. ಅದಕ್ಕೇ ಉಳಿಯಿತು. ಈ ವರ್ಷ ನೀನು ಎಲ್ಲವನ್ನೂ ಬುಡಕ್ಕೆ ಕೊಯ್ದಿದ್ದೆ. ಯಾಕೆ ಕೊಯ್ದಿದ್ದೆ ಎಂದು ನಾನು ಬರೆಯಬೇಕಾಗಿಲ್ಲ.

ಬಕೆಟ್ಟಿನಲ್ಲಿ ಆದದ್ದು ಕೆರೆಯಲ್ಲೂ ಹಾಗೇ ಆಗಿರುತ್ತದೆ ಎಂದು ಹೇಳಲು ಬರುವುದಿಲ್ಲ, ಹೊಲದಲ್ಲಿ ನೋಡದೆ ಅಪ್ಪನಿಗೆ ಹೇಳಬೇಡ ಎಂದರು ಮೇಡಂ. ಅದಕ್ಕೆ ಮೊನ್ನೆ ಶನಿವಾರ ಅಲ್ಲಿಗೆ ಬಂದಿದ್ದೆ. ಹೌದು, ಬಂದಿದ್ದೆ. ಅಂಬ್ರೀನ್ ಜೊತೆಗಿದ್ದಳು, ಟಿನ್ ಫ್ಯಾಕ್ಟರಿಯಲ್ಲಿ ಬಸ್ ಬಂದಾಗ "ಹತ್ತೇ, ಸುಮ್ನೆ ಹತ್ತು" ಎಂದು ಹಿಂದಿನಿಂದ ನೂಕಿದಳು. ನೀನು ಹಲಸೂರಿಗೆ ಹೋಗಿದ್ದೆ. ಬೈರಮ್ಮ ಹೇಳಿದರು. ನಾನು ಬಂದದ್ದನ್ನು ನಾನೇ ಅಪ್ಪನಿಗೆ ಬರೆಯುತ್ತೇನೆ, ನೀವು ಹೇಳಬೇಡಿ ಎಂದು ಅವರನ್ನು ಕೇಳಿಕೊಂಡೆ. ಎಮ್ಮೆಗಳು ನನ್ನನ್ನು ನೋಡಿ ಮುಖ ತಿರುಗಿಸಿದವು. ಹೊಲಕ್ಕೆ ಇಳಿದು ನೋಡಿದೆವು. ಎಲ್ಲ ಕಪ್ಪು. ಆದರೆ ಕರೆಂಟ್ ಕಂಬದ ತಂತಿ ಇಳಿದಿರುವ ಮೂಲೆ ಇದೆಯಲ್ಲ, ಶಾಕ್ ಹೊಡೆಯುತ್ತದೆ ಎಂದು ನೀನು ಯಾವತ್ತೂ ಕುಡುಗೋಲು ಹಾಕದ ಮೂಲೆ, ಅಲ್ಲಿ ಹುಲ್ಲು ಎದೆಯೆತ್ತರ ನಿಂತಿದೆ. ಕಾಂಡದ ಮೇಲೆ ಸೊಂಟದ ಮಟ್ಟಕ್ಕೆ ಕೆಸರಿನ ಗೆರೆ. ನೀರು ಅಲ್ಲಿಯವರೆಗೂ ಬಂದಿತ್ತು ಅಂದರೆ, ಅದೇ ಕೆರೆಯ ಅದೇ ನೀರು. ಅದರ ಮೇಲೆ ಎಲೆ ಇತ್ತು. ಬದುಕಿದೆ. ನೀನು ದಿನಾ ಆ ಮೂಲೆಯನ್ನು ನೋಡುತ್ತಿದ್ದೀಯ, ಆದರೆ ಅದು ನಿನಗೆ ಹೊಲ ಅಲ್ಲವಲ್ಲ, ಕಂಬದ ಜಾಗ.

ಆ ಮೂಲೆಯಿಂದ, ತಂತಿಯ ಹತ್ತಿರ ಹೋಗದೆ, ಗೆಣ್ಣಿರುವ ಕಡ್ಡಿಗಳನ್ನು ಕತ್ತರಿಸಿ ಈಗಲೇ ತಗ್ಗಿನಲ್ಲಿ ನೆಡಬಹುದು. ಮಣ್ಣನ್ನು ಒಂದು ಸಲ ತಿರುವಿ ಬಿಸಿಲಿಗೆ ಬಿಟ್ಟರೆ ಗಾಳಿಯಾಡುತ್ತದೆ, ವಾಸನೆ ಹೋಗುತ್ತದೆ. ಮಳೆಗಾಲದ ಹೊತ್ತಿಗೆ ಎತ್ತರಕ್ಕೆ ಬಂದಿರುತ್ತದೆ. ಮಳೆಗಾಲ ಮುಗಿಯುವ ತನಕ ದಿನದ ಪಟ್ಟಿ ಬಿಟ್ಟು ಬೇರೆ ಮುಟ್ಟಬೇಡ, ಕೊಯ್ಯುವುದನ್ನೂ ಎತ್ತರಕ್ಕೆ ಕೊಯ್ಯಿ. ನೀರು ಇಳಿದ ತಕ್ಷಣವೂ ಕೊಯ್ಯಬಾರದಂತೆ, ಅದಕ್ಕೆ ಸುಧಾರಿಸಿಕೊಳ್ಳಲು ಸಮಯ ಬೇಕಂತೆ. ಅಲ್ಲಿಯವರೆಗೆ ಮೇವಿಗೆ ಏನು ಮಾಡುವುದು, ನನಗೆ ಗೊತ್ತಿಲ್ಲ. ಬಷೀರ್ ಅಂಕಲ್ ಒಣಹುಲ್ಲಿನ ವಿಷಯ ಕೇಳಿ ನೋಡುತ್ತೇನೆ ಎಂದಿದ್ದಾರೆ. ಒಂದು ಎಮ್ಮೆಯನ್ನು ಕೊಡಬೇಕಾಗಬಹುದು. ಎರಡನ್ನೂ ಕೊಡಬೇಡ. ಮುನಿಆಂಜನಪ್ಪ ಬೆಳೆಯೋದಿದ್ದರೆ ನೀನೇ ಇಟ್ಟುಕೋ ಎಂದಿದ್ದಾರಲ್ಲ, ಅವರನ್ನು ಕರೆದುಕೊಂಡು ಹೋಗಿ ಕಂಬದ ಮೂಲೆ ತೋರಿಸು.

ಹುಲ್ಲಿನ ವಿಷಯ ಇಲ್ಲಿಗೆ ಮುಗಿಯಿತು. ಇನ್ನೊಂದು ಇದೆ.

ಊರಿಗೆ ಹೋಗು ಎಂದು ನಾನೇ ನಿನಗೆ ಬರೆದಿದ್ದೆ. ಅದನ್ನು ಬರೆದು ಡಬ್ಬಕ್ಕೆ ಹಾಕಿ ಬಂದ ಮೇಲೆ ಪಿ.ಜಿ. ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದೆ. ನಾಗರತ್ನಾ ಆಂಟಿ ಕೂಡ ಬೈಯದೆ ಪಕ್ಕಕ್ಕೆ ಸರಿದು ಹತ್ತಿ ಹೋದರು. ಹಾಸ್ಟೆಲ್ ಅಭ್ಯಾಸ ಇದೆ ಎಂದರೆ ಅದರ ಅರ್ಥ ನನಗೆ ಅದು ಇಷ್ಟ ಅಂತಲ್ಲ. ಅಷ್ಟು ವರ್ಷ ನೀನು ಕೆಲಸ ಸಿಕ್ಕ ಊರಿನಲ್ಲಿ, ನಾನು ಸೀಟು ಸಿಕ್ಕ ಊರಿನಲ್ಲಿ ಇದ್ದೆವು. ನಾವಿಬ್ಬರೂ ಒಂದೇ ಊರಿನಲ್ಲಿರುವುದು ಇದೇ ಮೊದಲು. ಅಷ್ಟಿದ್ದೂ ನಾನು ಬಸ್ ಹತ್ತದೆ ಕಾಗದ ಬರೆದುಕೊಂಡು ಕೂತೆ. ನೀನು ಇಲ್ಲೇ ಇರುತ್ತೀಯ, ಧೈರ್ಯ ಬಂದಾಗ ಹೋದರಾಯಿತು ಅಂದುಕೊಂಡಿದ್ದೆ. ನೀನು ಎಮ್ಮೆ ಮಾರಿ ಹೋದರೆ ಮುಂದಿನ ಹಬ್ಬಕ್ಕೆ ನಾನು ಹೋಗದೇ ಇರುವುದಕ್ಕೂ ಒಂದು ಮನೆ ಇರುವುದಿಲ್ಲ.

ನೀನು ಹೋಗಬೇಡ ಅಪ್ಪಾ. ಹುಲ್ಲು ಬಂದರೂ, ಬರದಿದ್ದರೂ. ತಾಟು, ಕೊಡ ಎಲ್ಲ ನಿನ್ನ ಖೋಲಿಯಲ್ಲೇ ಇರಲಿ.

ಸಂಕ್ರಾಂತಿಯ ದಿನ ಬೆಳಿಗ್ಗೆ ಬರುತ್ತೇನೆ. ರಾತ್ರಿ ಇರುತ್ತೇನೆ. ಮರುದಿನ ವ್ಯಾಪಾರದವರು ಬಂದಾಗ ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ. ಆದರೆ ಅವರನ್ನು ಬರಬೇಡಿ ಎಂದು ನೀನು ಮೊದಲೇ ಹೇಳಿದರೆ ಇನ್ನೂ ಒಳ್ಳೆಯದು. ಏನು ಮಾಡುತ್ತೀಯೆಂದು ಹಬ್ಬದ ಮೊದಲೇ ನನಗೆ ಗೊತ್ತಾಗಬೇಕು. ಎರಡು ಸಾಲಾದರೂ ಸರಿ, ಬೇಗ ಉತ್ತರ ಬರಿ.

ನಿನ್ನ
ಉಮಾ